ಕುಂಕುಮ ಹಚ್ಚಿದ ಬೆಂಚು

ನಡೆಯುವವರಿಗೆ ಅನುಕೂಲವಾಗುವಂತೆ ನಮ್ಮ ರಸ್ತೆಯನ್ನು ಹೇಗೆ ಬದಲಿಸಬೇಕು ಎಂದು ಚರ್ಚಿಸುವ ಸಭೆ ಅರ್ಧ ಗಂಟೆ ತಡವಾಗಿ ಶುರುವಾಯಿತು. ಬಂದವರೆಲ್ಲ ಗಾಡಿ ತಂದಿದ್ದರಿಂದ ಸಭಾಭವನದ ಮುಂದೆ ಜಾಗವೇ ಉಳಿದಿರಲಿಲ್ಲ. ಎರಡು ಕಾರುಗಳು ಗೇಟಿಗೆ ಅಡ್ಡ ನಿಂತಿದ್ದವು, ಅವುಗಳ ಮಾಲೀಕರು ಒಳಗೆ ಮುಂದಿನ ಸಾಲಿನಲ್ಲಿ ಕುಳಿತಿದ್ದರು, ಮೈಕಿನಲ್ಲಿ ನಂಬರು ಓದಿದರೂ ಇಬ್ಬರೂ ಏಳಲಿಲ್ಲ. ನಾನು ಜನ ಸಾಗಿಸುವ ನನ್ನ ಕ್ರೂಸರ್ ಗಾಡಿಯನ್ನು ದೂರ ನಿಲ್ಲಿಸಿ ನಡೆದು ಹೋದೆ. ಆ ಸಭೆಗೆ ನಡೆದು ಬಂದವನು ಬಹುಶಃ ನಾನೊಬ್ಬನೇ. ನಾನು ಹೋಗಿದ್ದದ್ದು ಯೋಜನೆಯನ್ನು ವಿರೋಧಿಸಲು.

ಬಸವಕಲ್ಯಾಣಕ್ಕೂ ಹುಮನಾಬಾದಿಗೂ ನಡುವೆ ಮೂವತ್ತಾರು ವರ್ಷ ಗಾಡಿ ಹೊಡೆದಿದ್ದೇನೆ. ಮೊದಲು ಬೇರೆಯವರ ಜೀಪು, ಆಮೇಲೆ ನನ್ನದೇ ಕ್ರೂಸರ್. ಹುಟ್ಟಿದ್ದು ಹುಡಗಿ ಎಂಬ ಊರಿನಲ್ಲಿ, ಕುರಿ ಕಾಯುವ ಮನೆಯಲ್ಲಿ. ಕುರಿಗಳ ಹಿಂದೆ ನಡೆದು ನಡೆದು ಬೇಸತ್ತು, ಮೆಟ್ರಿಕ್ ಮುಗಿಸಿದ್ದೇ ಸ್ಟಿಯರಿಂಗ್ ಹಿಡಿದೆ. ನಮ್ಮಪ್ಪ ಅದನ್ನು ಕೊನೆಯವರೆಗೂ ಕೆಲಸವೆಂದು ಒಪ್ಪಲಿಲ್ಲ. "ಕುಂತಲ್ಲೇ ಕುಂತು ಊರಿಂದ ಊರಿಗಿ ಹೋಗೂದು ಯಾವ ದುಡಿಮಿಲೇ," ಎನ್ನುತ್ತಿದ್ದ. ಚಾಲಕರ ಪರವಾಗಿ ಸಭೆಗೆ ನನ್ನನ್ನು ಕಳಿಸಿದ್ದು ಆ ಮೆಟ್ರಿಕ್ ಕಾರಣಕ್ಕೇ. ಜೊತೆಗೆ, ಹೆಂಡತಿ ತೀರಿಕೊಂಡು ಐದು ತಿಂಗಳಾಗಿತ್ತು. ಇವನೂ ನಾಲ್ಕು ಜನರ ನಡುವೆ ಕುಳಿತು ಬರಲಿ ಎಂಬ ಕರುಣೆ ಗೆಳೆಯರಿಗೆ ಇದ್ದಿರಬೇಕು.

ರಸ್ತೆಯ ಬಗ್ಗೆ ಹೇಳಬೇಕು. ಬಸವಕಲ್ಯಾಣದ ಹಳೆಯ ಊರಿನ ಓಣಿಗಳಲ್ಲಿ ಕಾರು ತಿರುಗುವುದಿಲ್ಲ. ಆದ್ದರಿಂದ ಕಾರು ಕೊಂಡವರು ಒಬ್ಬೊಬ್ಬರಾಗಿ ಊರ ಹೊರಗೆ ಬಂದು, ಕಾರಿಗೆ ಸರಿಯಾದ ಗೇಟಿಟ್ಟು ಮನೆ ಕಟ್ಟಿದರು. ಗೇಟಿನ ಅಳತೆ ಮೊದಲು, ಆಮೇಲೆ ದೇವರಮನೆ. ನಮ್ಮಂಥವರು ಅವರ ಹಿಂದಿನ ಸಾಲಿನಲ್ಲಿ ಎರಡೆರಡು ಕೋಣೆ ಕಟ್ಟಿಕೊಂಡೆವು. ನಡುವೆ ಒಂದು ಅಗಲವಾದ ರಸ್ತೆ. ಅದರ ಎರಡೂ ಬದಿಗೆ ಟ್ರ್ಯಾಕ್ಟರ್ ಶೋರೂಮು, ಫಂಕ್ಷನ್ ಹಾಲು, ಪೆಟ್ರೋಲ್ ಬಂಕು, ಗ್ಯಾರೇಜುಗಳು. ಆ ರಸ್ತೆಯಲ್ಲಿ ಗಾಡಿಗೆ ಬೇಕಾದ್ದೆಲ್ಲ ಸಿಗುತ್ತಿತ್ತು. ಕಾಲಿಡಲು ಮಾತ್ರ ಜಾಗವಿರಲಿಲ್ಲ. ಎದುರು ಮನೆಯಿಂದ ಮೊಸರು ತರಲು ಬೈಕ್ ಚಾಲು ಮಾಡುವವರನ್ನು ನಾನು ನೋಡಿದ್ದೇನೆ. ನಾನೂ ಮಾಡಿದ್ದೇನೆ.

ಸಭೆಯಲ್ಲಿ ಹೊರಗಿನಿಂದ ಬಂದ ಒಬ್ಬ ತರುಣಿ ಯೋಜನೆಯನ್ನು ವಿವರಿಸಿದರು. ಎಲ್ಲರೂ ಅವರನ್ನು ಮೇಡಂ ಎಂದರು, ನಾನೂ ಹಾಗೇ ಕರೆಯುತ್ತೇನೆ. ಪರದೆಯ ಮೇಲೆ ಒಂದು ಚಿತ್ರ ಬಂತು. ಸಾಲು ಗಿಡಗಳು, ನೆರಳು, ಬಣ್ಣದ ಕಲ್ಲು ಹಾಸಿದ ಫುಟ್‌ಪಾತು, ಛತ್ರಿ ಹಿಡಿದ ಹೆಂಗಸು, ಸೈಕಲ್ ಮೇಲೆ ಒಂದು ಮಗು. ಒಂದು ನಾಯಿಯೂ ಇತ್ತು, ಅದರ ಕೊರಳಲ್ಲಿ ಬೆಲ್ಟಿತ್ತು.

"ಮೇಡಂ, ಈ ರೋಡ್ ಯಾವೂರಾಗ ಅದರಿ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಇದು ನಿಮ್ಮದೇ ರಸ್ತೆ ಸರ್. ಕೆಲಸ ಮುಗಿದ ಮೇಲೆ ಹೀಗೆ ಕಾಣುತ್ತೆ."

"ಮತ್ತ ನಮ್ಮ ದನ ಎಲ್ಲಿ ಹೋದ್ವರಿ?"

ಮೇಡಂ ಚಿತ್ರವನ್ನೇ ಒಂದು ಕ್ಷಣ ನೋಡಿದರು. ಅವರೂ ಅದನ್ನು ಯೋಚಿಸಿರಲಿಲ್ಲ. ಆಮೇಲೆ ಅವರು, ಗಾಡಿ ಓಡುವ ಜಾಗ ಸ್ವಲ್ಪ ಕಡಿಮೆಯಾಗುತ್ತದೆ, ಎರಡೂ ಬದಿ ನಡೆಯಲು ಜಾಗ ಬರುತ್ತದೆ, ದಾಟುವಲ್ಲಿ ಉಬ್ಬು ಹಾಕುತ್ತೇವೆ, ಅಲ್ಲಲ್ಲಿ ಬೆಂಚು ಇಡುತ್ತೇವೆ ಎಂದರು. ಬೆಂಚು ಎಲ್ಲೆಲ್ಲಿ ಬೇಕು ಎಂದು ನಮ್ಮನ್ನೇ ಕೇಳಿದರು. ಎಲ್ಲರಿಗೂ ಬೆಂಚು ಬೇಕಿತ್ತು, ಆದರೆ ಪಕ್ಕದವನ ಅಂಗಡಿಯ ಮುಂದೆ.

"ನಮ್ಮ ಅಂಗಡಿ ಮುಂದ ಬ್ಯಾಡ್ರಿ. ಕೆಲಸಿಲ್ಲದ ಮಂದಿ ಬಂದು ಕುಂದ್ರತಾರ," ಎಂದರು ಹಾರ್ಡ್‌ವೇರ್ ಅಂಗಡಿಯವರು.

"ಬೆಂಚು ಇರೋದೇ ಕೂರೋಕೆ ಅಲ್ವಾ ಸರ್?"

"ಅದಕ್ಕೇ ಬ್ಯಾಡ ಅನ್ನಾಕತ್ತೇವ್ರಿ."

ನನ್ನ ಸರದಿ ಬಂತು. ಜೇಬಿನಲ್ಲಿ ನಮ್ಮ ಸಂಘದ ಮುಖಂಡ ಬರೆದುಕೊಟ್ಟ ಚೀಟಿಯಿತ್ತು. ರಸ್ತೆ ಕಿರಿದು ಮಾಡಬಾರದು, ಗಾಡಿ ನಿಲ್ಲಿಸುವ ಜಾಗ ತೆಗೆಯಬಾರದು, ಉಬ್ಬು ಬೇಡವೇ ಬೇಡ. ನಾನು ಎದ್ದು ನಿಂತು, "ಟೈರ್ ಅಂಗಡಿ ಮುಂದ ಒಂದು ಬೆಂಚ್ ಬೇಕ್ರಿ," ಎಂದು ಹೇಳಿ ಕುಳಿತುಬಿಟ್ಟೆ. ಚೀಟಿ ಜೇಬಿನಲ್ಲೇ ಉಳಿಯಿತು.

ಹೊರಗೆ ಮುಖಂಡ ಕಾಯುತ್ತಿದ್ದ. ವಿಷಯ ಅವನಿಗೆ ನನಗಿಂತ ಮೊದಲೇ ಮುಟ್ಟಿತ್ತು. "ಏನೋ ದೋಸ್ತ, ಹೆಣ್ಣು ಕೇಳಾಕ ಕಳಸಿದ್ರ ಛಾ ಕೇಳಿ ಕುಡದು ಬಂದಂಗಾತಲ್ಲೋ ನಿಂದು," ಎಂದ. ಆಮೇಲೆ ನನ್ನ ಮುಖ ನೋಡಿ, "ಹೋಗ್ಲಿ ಬಿಡು," ಎಂದು ಹೆಗಲ ಮೇಲೆ ಕೈಯಿಟ್ಟ.

ಟೈರ್ ಅಂಗಡಿಯ ಮುಂದೆಯೇ ಯಾಕೆ ಎಂಬುದು ಅವನಿಗೆ ಗೊತ್ತಿರಲಿಲ್ಲ.

ನನ್ನ ಹೆಂಡತಿ ಹುಲಸೂರಿನವಳು. ಆ ರಸ್ತೆಯ ಇನ್ನೊಂದು ತುದಿಯ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಹನ್ನೊಂದು ವರ್ಷ ಆ ರಸ್ತೆಯಲ್ಲಿ ನಡೆದು ಹೋದಳು, ನಡೆದು ಬಂದಳು. ಮನೆಯಲ್ಲಿ ಹತ್ತು ಜನ ಕೂರುವ ಗಾಡಿಯಿತ್ತು, ಹದಿನಾರು ಜನರನ್ನು ಕೂರಿಸುತ್ತಿದ್ದೆ, ಆ ಹದಿನಾರರಲ್ಲಿ ಅವಳು ಎಂದೂ ಇರಲಿಲ್ಲ. ಅವಳು ಹೊರಡುವ ಹೊತ್ತಿಗೆ ನಾನು ಬಸ್ ನಿಲ್ದಾಣದ ಹತ್ತಿರ "ಹುಮನಾಬಾದ್, ಹುಮನಾಬಾದ್" ಎಂದು ಕೂಗುತ್ತ ಜನ ತುಂಬಿಸುತ್ತಿರುತ್ತಿದ್ದೆ. ಒಮ್ಮೊಮ್ಮೆ, "ನಡೀ, ಬಿಟ್ಟು ಬರ್ತೀನಿ," ಎಂದರೆ, "ಖಾಲಿ ಗಾಡಿ ಯಾಕ ಓಡಸ್ತೀರಿ," ಎನ್ನುತ್ತಿದ್ದಳು. ಅವಳು ಕುಳಿತರೂ ಗಾಡಿ ಖಾಲಿಯೇ ಎಂಬ ಲೆಕ್ಕ ನಮ್ಮಿಬ್ಬರಿಗೂ ಸರಿಯೆನಿಸಿತ್ತು.

ಕೊನೆಯ ವರ್ಷ ಅವಳಿಗೆ ದಮ್ಮು ಹತ್ತತೊಡಗಿತು. ಊರಿನ ಡಾಕ್ಟರು ದಿನಾ ನಡೆಯಬೇಕು ಎಂದರು. ಎಲ್ಲಿ ಎಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಹೇಗೂ ಶಾಲೆಗೆ ನಡೆಯುತ್ತಾಳಲ್ಲ, ಔಷಧಿಯೂ ಆಯಿತು, ಕೆಲಸವೂ ಆಯಿತು ಎಂದುಕೊಂಡು ನಾನು ನಿಶ್ಚಿಂತನಾದೆ. ಮುಂದೆ ಹುಮನಾಬಾದಿನಲ್ಲಿ ಇನ್ನೊಬ್ಬ ಡಾಕ್ಟರು ಎದೆಯ ಮೇಲೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದರು. ಅವರು ತಲೆ ಎತ್ತುವ ಮೊದಲೇ ನನಗೆ ಅರ್ಥವಾಯಿತು. ಅಲ್ಲಿಂದ ಮೂರು ವಾರ. ಕೊನೆಗೆ ಅವಳನ್ನು ಮನೆಗೆ ತಂದದ್ದು ನನ್ನ ಗಾಡಿಯಲ್ಲೇ. ಆ ದಿನ ನಾನು ಯಾರನ್ನೂ ಹತ್ತಿಸಿಕೊಳ್ಳಲಿಲ್ಲ.

ಹದಿಮೂರನೆಯ ದಿನದ ಊಟಕ್ಕೆ ಟೈರ್ ಅಂಗಡಿಯ ಮಾಲೀಕ ಬಂದಿದ್ದ. ನನ್ನ ಹಳೆಯ ಗೆಳೆಯ, ಎಷ್ಟೋ ವರ್ಷದಿಂದ ನನ್ನ ಗಾಡಿಗೆ ಪಂಕ್ಚರು ಹಾಕುವವನು, ನನ್ನ ಹೆಂಡತಿಯನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದವನು. ಕೈ ತೊಳೆದು ಬಂದು ಪಕ್ಕದಲ್ಲಿ ಕುಳಿತ.

"ಭಾಯಿ, ವೈನಿ ದಿನಾ ನಮ್ಮ ಅಂಗಡಿ ಮುಂದ ಕುಂದ್ರತಿದ್ರು. ನಿನಗ ಗೊತ್ತದಿಲ್ಲೋ?"

"ಎಲ್ಲಿ ಕುಂದ್ರತಿದ್ಳು?"

"ಲಾರಿ ಟೈರ್ ಒಂದು ಮಲಗಿಸಿ, ಮ್ಯಾಲ ಹಲಗಿ ಹಾಕಿಟ್ಟಿದ್ದೆ. ಮೊದಲ ಹತ್ತು ಮಿನಿಟ್ ಕುಂತು ಹೋಗ್ತಿದ್ರು. ಕೊನೀ ಕೊನೀಗಿ ಅರ್ಧ ತಾಸು."

"ನನಗ ಯಾಕ ಹೇಳಲಿಲ್ಲ ನೀ?"

"ಹೇಳಬ್ಯಾಡ ಅಂದಿದ್ರು. ಅವರಿಗಿ ತಿಳದ್ರ ನನ್ನ ನೋಡಿ ಗಾಡಿ ನಿಲ್ಲಸ್ತಾರ, ಒಳಗ ಕುಂತ ಮಂದಿ ಬಯ್ತಾರ, ಅಂದ್ರು."

ಆ ಅಂಗಡಿಯ ಮುಂದೆ ನಾನು ದಿನಕ್ಕೆ ಆರು ಸಲ ಹಾಯುತ್ತಿದ್ದೆ. ಅವಳು ಕುಳಿತದ್ದನ್ನು ಒಮ್ಮೆಯೂ ನೋಡಿರಲಿಲ್ಲ. ಡ್ರೈವರನ ಕಣ್ಣು ಕೈ ಮಾಡುವವರನ್ನು ಮಾತ್ರ ನೋಡುತ್ತದೆ.

ಅವಳ ಹಿಂದಿನಿಂದ ಒಮ್ಮೆ ಹಾರ್ನ್ ಹೊಡೆದದ್ದೂ ಉಂಟು. ಅವಳೆಂದು ಗೊತ್ತಿರಲಿಲ್ಲ. ರಸ್ತೆಯ ಅಂಚಿನಲ್ಲಿ ಯಾರೋ ಹೆಂಗಸು ಚೀಲ ಹಿಡಿದು ನಿಧಾನ ಹೋಗುತ್ತಿದ್ದಳು, ಎದುರಿನಿಂದ ಲಾರಿ ಬರುತ್ತಿತ್ತು, ನಾನು ಉದ್ದಕ್ಕೆ ಹಾರ್ನ್ ಒತ್ತಿದೆ. ಅವಳು ಚರಂಡಿಯ ಕಡೆ ಇಳಿದು ನಿಂತಳು. ಹಾದುಹೋಗುವಾಗ ಕನ್ನಡಿಯಲ್ಲಿ ಸೀರೆಯ ಬಣ್ಣ ಕಂಡಿತು. ಸಂಜೆ ಮನೆಗೆ ಬಂದು ಏನು ಹೇಳುವುದೆಂದು ತಿಳಿಯದೆ, "ಇವತ್ತ ರೋಡಿನಾಗ ನೋಡಿದೆ ನಿನ್ನ," ಎಂದೆ. ಅವಳು ರೊಟ್ಟಿ ತಟ್ಟುತ್ತ, "ನೋಡಲಿಲ್ಲ ನೀವು, ಹಾರ್ನ್ ಹೊಡದ್ರಿ," ಎಂದಳು. ಸಿಟ್ಟಿನಿಂದಲ್ಲ. ಮಳೆ ಬಂತು ಎನ್ನುವ ಹಾಗೆ.

ನಾನು ಸಭೆಯಲ್ಲಿ ಬೆಂಚು ಕೇಳಿದ್ದು ಹೀಗೆ. ಅವಳಂತೆ ದಮ್ಮು ಹತ್ತಿದವರು ಯಾರಾದರೂ ಆ ದಾರಿಯಲ್ಲಿ ಬಂದರೆ, ಯಾರ ಮರ್ಜಿಯೂ ಇಲ್ಲದೆ ಅಲ್ಲಿ ಕೂರಬೇಕು. ಅಷ್ಟೇ ನನಗೆ ಬೇಕಿದ್ದದ್ದು.

ವರ್ಷದೊಳಗೆ ಫುಟ್‌ಪಾತು ಬಂತು. ಬಣ್ಣದ ಕಲ್ಲು, ಚಂದದ ಅಂಚು. ಅದರ ಮೇಲೆ ಮೊದಲು ನಡೆದವು ನಮ್ಮ ಕಡೆಯ ಕುರಿಗಳು. ಮೇಯಲು ಹೋಗುವ ಒಂದು ಹಿಂಡು ಯಾರೂ ಹೇಳದೆಯೇ ಏರಿ, ಸಾಲಾಗಿ, ಒಂದನ್ನೊಂದು ತಳ್ಳದೆ ಕೊನೆಯವರೆಗೆ ಹೋಯಿತು. ಮೇಡಂ ಫೋಟೋ ತೆಗೆದುಕೊಂಡರು.

ಮನುಷ್ಯರ ವಿಷಯ ಅಷ್ಟು ಸುಲಭವಾಗಲಿಲ್ಲ. ಮನೆಯ ಮುಂದೆ ಇಷ್ಟು ಚಂದದ ಕಲ್ಲು ಬಂದ ಮೇಲೆ ಹೆಂಗಸರು ಸುಮ್ಮನಿರುತ್ತಾರೆಯೇ. ಬೆಳಗಾದರೆ ಅದನ್ನು ತೊಳೆದರು, ತೊಳೆದ ಮೇಲೆ ರಂಗೋಲಿ ಹಾಕಿದರು. ರಂಗೋಲಿ ಹಾಕಿದ ಮೇಲೆ ಅದನ್ನು ತುಳಿಯುವವರು ಯಾರು. ಶಾಲೆಯ ಮಕ್ಕಳು, ಕೂಲಿಗೆ ಹೋಗುವವರು, ಎಲ್ಲರೂ ರಂಗೋಲಿ ಬಂದ ಕೂಡಲೇ ಮರ್ಯಾದೆಯಿಂದ ರಸ್ತೆಗೆ ಇಳಿದು, ಲಾರಿಗಳ ನಡುವೆ ನಾಲ್ಕು ಹೆಜ್ಜೆ ನಡೆದು, ಮತ್ತೆ ಮೇಲೆ ಹತ್ತುತ್ತಿದ್ದರು.

"ಅಮ್ಮಾ, ಇದು ನಡೆಯೋಕೆ ಅಂತ ಮಾಡಿದ್ದು," ಎಂದು ಮೇಡಂ ಒಂದು ಮನೆಯವರಿಗೆ ಹೇಳುತ್ತಿದ್ದುದನ್ನು ನಾನೇ ಕೇಳಿದ್ದೇನೆ.

"ನಡದ್ರ ಹೊಲಸ ಆಗ್ತದಲ್ರೀ," ಎಂದರು ಆ ಮನೆಯವರು. ಮೇಡಂ ರಂಗೋಲಿ ತುಳಿಯದೆ ತಾವೂ ರಸ್ತೆಗೆ ಇಳಿದರು.

ಬೆಂಚುಗಳನ್ನು ಊರಿನವರು ತಮ್ಮವರ ನೆನಪಿಗೆ ಕೊಡಬಹುದು ಎಂದು ತಿಳಿಸಿದ್ದರು. ಟೈರ್ ಅಂಗಡಿಯ ಮುಂದಿನದನ್ನು ನಾನು ಕೊಡುತ್ತೇನೆ ಎಂದೆ. ನನಗಿರುವುದು ಒಬ್ಬಳೇ ಮಗಳು. ಹುಮನಾಬಾದಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ. ಅವಳು ಒಂದೇ ಮಾತು ಹೇಳಿದಳು. "ಅಪ್ಪಾ, ಅವ್ವನ ಹೆಸರು ಹಾಕಸ್ರಿ. ರೇಷನ್ ಕಾರ್ಡ್ ಬಿಟ್ಟು ಎಲ್ಲೂ ಬಂದಿಲ್ಲ ಅಕಿ ಹೆಸರು." ನನಗೂ ಅದು ಸರಿಯೆನಿಸಿತು.

ತಪ್ಪಾದದ್ದು ಕಲ್ಲು ಕೆತ್ತುವವನ ಹತ್ತಿರ. ಅವನು ನಮ್ಮ ಕಡೆ ಸಮಾಧಿಯ ಕಲ್ಲುಗಳನ್ನು ಮಾಡುವವನು, ಬೇರೆ ಕೆಲಸ ಗೊತ್ತಿಲ್ಲ. ಬೆಂಚಿನ ಬೆನ್ನಿಗೆ ಕೂರಿಸುವ ಕರಿಕಲ್ಲಿಗೆ ಹೆಸರೊಂದೇ ಸಾಕು ಎಂದಿದ್ದೆ. ಅವನು ಮೇಲೆ ಸೂರ್ಯ, ಚಂದ್ರ ಕೆತ್ತಿದ್ದ. ಎರಡು ಬದಿಗೆ ದೀಪ. ಕೆಳಗೆ ಹುಟ್ಟಿದ ದಿನ, ಹೋದ ದಿನ.

"ಇಷ್ಟೆಲ್ಲ ಯಾಕ ಮಾಡಿದಿ?"

"ಸತ್ತವರ ಹೆಸರು ಕಲ್ಲಿನಾಗ ಬಂತಂದ್ರ ಸೂರ್ಯ ಚಂದ್ರ ಬರಲೇಬೇಕ್ರಿ ಕಾಕಾ. ಇಲ್ಲಂದ್ರ ಅಂಗಡಿ ಬೋರ್ಡ್ ಆಗ್ತದ. ದೀಪ ನನ್ನ ಕಡೀಂದ. ಕಾಕು ನಮ್ಮ ಮಕ್ಕಳಿಗಿ ಸಾಲಿಯೊಳಗ ಊಟ ಹಾಕ್ಯಾರ."

ಅಂಥವನಿಗೆ ಏನು ಹೇಳುವುದು. ಬೆಂಚು ಕೂತಿತು. ಮಗಳು ಬಂದು ಕಲ್ಲಿನ ಮೇಲೆ ಕೈಯಾಡಿಸಿ ಅತ್ತಳು. ಮರುದಿನ ಬೆಳಿಗ್ಗೆ ನಾನು ಮೊದಲ ಟ್ರಿಪ್ಪಿಗೆ ಹೊರಟಾಗ ನೋಡಿದರೆ, ಹೆಸರಿನ ಮೇಲೆ ಅರಿಸಿನ ಕುಂಕುಮ.

ಯಾರೋ ಗೊತ್ತಿದ್ದವರು ಪ್ರೀತಿಯಿಂದ ಹಚ್ಚಿರಬೇಕು ಎಂದುಕೊಂಡೆ. ವಾರದೊಳಗೆ ಗೊತ್ತಿಲ್ಲದವರೂ ಹಚ್ಚತೊಡಗಿದರು. ಕೆಲಸಕ್ಕೆ ಹೋಗುವ ಹೆಂಗಸರು ಬೆಂಚಿನ ಅಂಚನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹೋಗುತ್ತಿದ್ದರು. ಟ್ರ್ಯಾಕ್ಟರಿಗೆ ಹೊಸ ಟೈರು ಹಾಕಿಸಿದ ಒಬ್ಬ ರೈತ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟವನು, ಹತ್ತಿರದಲ್ಲೇ ಇದೆಯಲ್ಲ ಎಂದು ಬೆಂಚಿನ ಮುಂದೆ ತೆಂಗಿನಕಾಯಿ ಒಡೆದ. ಅಲ್ಲಿಂದ ಅದೊಂದು ಪದ್ಧತಿಯೇ ಆಯಿತು. ಸೀಟಿನ ಮೇಲೆ ಕಾಯಿಯ ಹೋಳು, ಊದಿನಕಡ್ಡಿ, ಚೆಂಡುಹೂವು.

"ನಾ ಏನ್ ಮಾಡ್ಲಿ ಭಾಯಿ," ಎಂದ ಟೈರ್ ಅಂಗಡಿಯವನು. "ಕಾಯಿ ಒಡೀದಂಗ ಗಾಡಿ ತಗೊಂಡು ಹೋಗೂದಿಲ್ಲ ಅಂತಾರ. ಮಸೀದಿಯೊಳಗ ನನ್ನ ಮಂದಿ ನನ್ನ ನೋಡಿ ನಗಾಕತ್ತಾರ, ಪೂಜಾರಿ ಆದ ನೋಡ್ರಿ ಇವ ಅಂತ."

ಇಷ್ಟಾದ ಮೇಲೆ ಕತೆ ಹುಟ್ಟದೆ ಇರುತ್ತದೆಯೇ. ಹುಲಸೂರಿನ ಕಡೆಯ ಹೆಣ್ಣುಮಗಳು ಅದೇ ಜಾಗದಲ್ಲಿ ಗಾಡಿಗೆ ಸಿಕ್ಕು ಸತ್ತಳಂತೆ, ಅಲ್ಲಿ ಜೋರಾಗಿ ಹೋದವರ ಗಾಡಿಯ ಚಕ್ರ ಜಗ್ಗುತ್ತಾಳಂತೆ. ಈ ಕತೆಯನ್ನು ನನಗೆ ಹೇಳಿದವನು ನನ್ನ ಪಕ್ಕದ ಸೀಟಿನಲ್ಲೇ ಕುಳಿತ ಪ್ರಯಾಣಿಕ, ಹುಮನಾಬಾದಿನ ದಾರಿಯಲ್ಲಿ. "ಎಂಥಾಕಿ ಇದ್ಳಂತ?" ಎಂದು ಕೇಳಿದೆ. "ಭಾಳ ಸಿಟ್ಟಿನಾಕಿ ಅಂತರಿ," ಎಂದ. ಮೂವತ್ತು ವರ್ಷದ ಸಂಸಾರದಲ್ಲಿ ಅವಳ ಸಿಟ್ಟನ್ನು ನಾನು ನೋಡಲಿಲ್ಲವಲ್ಲ ಎಂದು ನಗು ಬಂತು. ಆಮೇಲೆ ಹುಮನಾಬಾದ್ ಬರುವವರೆಗೂ ಅದನ್ನೇ ಯೋಚಿಸಿದೆ. ಬಹುಶಃ ಇತ್ತು, ನನಗೆ ತೋರಿಸಿರಲಿಲ್ಲ.

ಕೆಲವು ತಿಂಗಳಾದ ಮೇಲೆ ಮೇಡಂ ಕಾಗದ ಹಿಡಿದು ರಸ್ತೆಯಲ್ಲಿ ನಿಂತಿದ್ದರು. ಎಷ್ಟು ಜನ ನಡೆಯುತ್ತಾರೆ, ಗಾಡಿಗಳು ಎಷ್ಟು ಜೋರಾಗಿ ಹೋಗುತ್ತವೆ, ಯಾವ ಬೆಂಚಿನಲ್ಲಿ ಎಷ್ಟು ಜನ ಕೂರುತ್ತಾರೆ ಎಂದು ಬರೆದುಕೊಳ್ಳುತ್ತಿದ್ದರು. ನಾನು ಟೈರ್ ಅಂಗಡಿಯಲ್ಲಿ ಗಾಳಿ ಹಿಡಿಸುತ್ತಿದ್ದೆ. ನನ್ನನ್ನು ಗುರುತು ಹಿಡಿದು ಬಂದರು.

"ಸರ್, ಇಲ್ಲಿ ಮಾತ್ರ ಎಲ್ಲ ಗಾಡಿಗಳೂ ನಿಧಾನ ಆಗ್ತಿವೆ. ಹಂಪ್ ಇರೋದು ಅಲ್ಲಿ. ಅಲ್ಲಿ ಯಾರೂ ನಿಧಾನ ಮಾಡಲ್ಲ, ಹಾರಿಸಿಕೊಂಡು ಹೋಗ್ತಾರೆ. ಯಾಕಿರಬಹುದು?"

"ಅಲ್ಲಿ ಯಾರೂ ಸತ್ತಿಲ್ರಿ."

"ಇಲ್ಲಿ ಯಾರು ಸತ್ತಿದ್ದಾರೆ?"

"ಇಲ್ಲೂ ಯಾರೂ ಸತ್ತಿಲ್ರಿ."

ಅವರು ನನ್ನ ಮುಖವನ್ನು ನೋಡಿದರು, ಕಲ್ಲಿನ ಮೇಲಿನ ಹೆಸರನ್ನು ನೋಡಿದರು, ನನ್ನನ್ನು ಮತ್ತೆ ನೋಡಿದರು. ಆಮೇಲೆ ದನಿ ತಗ್ಗಿಸಿ, ಕೂರುವವರ ಕಾಲಮಿನಲ್ಲಿ ಈ ಬೆಂಚಿಗೆ ಸೊನ್ನೆ ಬಂದಿದೆ ಎಂದರು. ಯಾರೂ ಕೂರದ ಬೆಂಚುಗಳನ್ನು ಕಿತ್ತು ಬಸ್ ನಿಲ್ದಾಣದ ಕಡೆ ಹಾಕುವ ಮಾತು ನಡೆದಿದೆ, ಮುಂದಿನ ತಿಂಗಳು ಇನ್ನೊಮ್ಮೆ ಎಣಿಸಲು ಬರುತ್ತೇವೆ ಎಂದರು. "ನನಗೆ ಇಷ್ಟ ಇಲ್ಲ ಸರ್. ಆದರೆ ಸೊನ್ನೆ ಅಂದ್ರೆ ಸೊನ್ನೆ."

ಬಸ್ ನಿಲ್ದಾಣದಲ್ಲಿ ಕೂರಲು ಜಾಗವಿದೆ. ಅಂಗಡಿಯವರು ಬೇಡವೆಂದದ್ದರಿಂದ ಉಳಿದ ಬೆಂಚುಗಳು ರಸ್ತೆಯ ಎರಡು ತುದಿಗೆ ಹೋಗಿದ್ದವು. ನಡುವಿನಲ್ಲಿ, ಮನೆಗಳಿಗೂ ಶಾಲೆಗೂ ಅದರಾಚೆಯ ಆಸ್ಪತ್ರೆಗೂ ನಡುವೆ, ಇದೊಂದೇ ಸರಿಯಾದ ಜಾಗ. ಗೆಳೆಯ ಹಾಕಿಟ್ಟಿದ್ದ ಟೈರು ಹಲಗೆಯನ್ನೂ ಬೆಂಚು ಬಂತೆಂದು ನಾವೇ ತೆಗೆಸಿದ್ದೆವು. ಅಂದರೆ ನಾನು ದಣಿದವರಿಗೆ ಇದ್ದ ಒಂದು ಜಾಗವನ್ನೂ ಕಸಿದುಕೊಂಡಂತಾಗಿತ್ತು.

ಮರುದಿನದಿಂದ ಎರಡನೆಯ ಟ್ರಿಪ್ಪು ಬಿಟ್ಟು ಅಂಗಡಿಯಲ್ಲಿ ಕಾಯತೊಡಗಿದೆ. ಮೂರನೆಯ ದಿನ ಒಬ್ಬ ಮುದುಕಿ ಬಂದಳು. ಗೋರ್ಟಾದಿಂದ ಮಗಳ ಮನೆಗೆ ಬಂದವಳಂತೆ, ಕೈಯಲ್ಲಿ ಒಂದು ಗಂಟು. ಏದುಸಿರು ಬಿಡುತ್ತಿದ್ದಳು. ಬೆಂಚಿನ ಹತ್ತಿರ ನಿಂತು, ಕೈ ಮುಗಿದು, ಅದರ ಕಾಲಿಗೆ ಒರಗಿ ನೆಲದ ಮೇಲೆ ಕುಳಿತಳು.

"ಆಯಿ, ಮ್ಯಾಲ ಕುಂದ್ರ," ಎಂದೆ.

"ದೇವರ ಮ್ಯಾಲ ಹ್ಯಾಂಗ ಕುಂದ್ರಲೋ ಯಪ್ಪಾ."

"ದೇವರಲ್ಲ ಆಯಿ. ನನ್ನ ಹೆಣ್ತಿ."

ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹಂಗಾದ್ರ ಇನ್ನೂ ಬ್ಯಾಡ," ಎಂದಳು.

ಅಂಗಡಿಯವನು ನಟ್ಟು ತಿರುಗಿಸುತ್ತಿದ್ದ ಪಾನಾ ಕೆಳಗಿಟ್ಟು ನಕ್ಕ. ನಾನೂ ನಕ್ಕೆ. ಆದರೆ ಆ ದಿನವೇ ಕಲ್ಲನ್ನು ತೆಗೆಸಬೇಕೆಂದು ತೀರ್ಮಾನಿಸಿ ಮಗಳಿಗೆ ಫೋನ್ ಮಾಡಿದೆ.

"ಅವ್ವನ ಹೆಸರು ತೆಗಸ್ತೀರಿ?" ಎಂದಳು. ಅವಳು ದನಿ ಏರಿಸಲಿಲ್ಲ, ತಾಯಿಯ ಹಾಗೆಯೇ. "ಮಂದಿ ಕೈ ಮುಗ್ಯಾಕತ್ತಾರ, ಗಾಡಿ ಸಾವಕಾಶ ಹೊಂಟಾವ. ಇದ್ದಾಗ ಅಕಿಗಿ ಯಾರ್ ನಿಂತಾರ್ರಿ ಅಪ್ಪಾ? ನೀವು ನಿಂತೀರಿ?"

ಅಷ್ಟು ಹೇಳಿ ಫೋನ್ ಇಟ್ಟಳು. ಹದಿನೈದು ದಿನ ಅವಳು ಫೋನ್ ಎತ್ತಲಿಲ್ಲ. ನಾನು ದಿನಾ ಹುಮನಾಬಾದಿಗೆ ಹೋಗುತ್ತಿದ್ದೆ, ಅವಳ ಅಂಗಡಿಯ ಸಂದಿಯ ಮುಂದೆಯೇ ಜನರನ್ನು ಇಳಿಸುತ್ತಿದ್ದೆ, ಒಳಗೆ ಮಶೀನಿನ ಸದ್ದು ಕೇಳುತ್ತಿತ್ತು. ಒಂದು ಸಲ ಇಳಿದು ಹೋಗಿ ಬಾಗಿಲಲ್ಲಿ ನಿಂತೆ. ಅವಳು ಬಟ್ಟೆಯಿಂದ ಕಣ್ಣೆತ್ತದೆ, "ಛಾ ಕುಡೀರಿ," ಎಂದಳು. ಕುಡಿದು ಬಂದೆ. "ನೀನೇ ಬಂದು ಒಂದಿನ ನೋಡು. ಆಮ್ಯಾಲ ನೀ ಹೇಳ್ದಂಗ," ಎಂದಷ್ಟೇ ಹೇಳಿ ಬಂದೆ.

ಭಾನುವಾರ ಬಂದಳು. ಟೈರ್ ಅಂಗಡಿಯ ಸ್ಟೂಲಿನ ಮೇಲೆ ಬೆಳಗಿನಿಂದ ಮಧ್ಯಾಹ್ನದವರೆಗೆ ಕುಳಿತಳು. ಒಂದು ಕಾಯಿ ಒಡೆದದ್ದನ್ನು ನೋಡಿದಳು. ಇಬ್ಬರು ಗಂಡಸರು ಬೆಂಚಿನ ಮುಂದೆ ಚಪ್ಪಲಿ ಬಿಟ್ಟು ನಮಸ್ಕಾರ ಮಾಡಿದ್ದನ್ನು ನೋಡಿದಳು. ಒಬ್ಬಳು ಬಸುರಿ ಬಂದು, ಬೆಂಚಿನ ಬೆನ್ನು ಹಿಡಿದು ಒಂದಿಷ್ಟು ಹೊತ್ತು ನಿಂತು, ಕೂರದೆಯೇ ಮುಂದೆ ಹೋದಳು. ಆಗ ಮಗಳು ಎದ್ದಳು. ಕಾಯಿಯ ಹೋಳುಗಳನ್ನು ಬದಿಗೆ ಸರಿಸಿ, ಸೀಟನ್ನು ಸೆರಗಿನಿಂದ ಒರೆಸಿ, ತಾನೇ ಕೂರಲು ಹೋದಳು. ಅರ್ಧ ಬಗ್ಗಿದವಳು ಹಾಗೆಯೇ ನಿಂತಳು.

"ನನಗೂ ಕುಂದ್ರಾಕ ಆಗವಲ್ದು ಅಪ್ಪಾ," ಎಂದಳು.

ಕಲ್ಲನ್ನು ಎಲ್ಲಿಡುವುದೆಂದು ಅವಳೇ ಹೇಳಿದಳು. ಬೆಂಚಿನಿಂದ ಮೂವತ್ತು ಹೆಜ್ಜೆ ಮುಂದೆ, ರಸ್ತೆಯ ಅಂಚಿನಲ್ಲಿ, ಬರುವ ಗಾಡಿಗಳಿಗೆ ಕಾಣುವಂತೆ. ಗಾಡಿಗಳು ಸಾವಕಾಶ ಹೋಗುವುದೂ ಉಳಿಯುತ್ತದೆ, ಬೆಂಚು ಬೆಂಚಾಗುತ್ತದೆ. ಬೇರೆ ದಾರಿ ನನಗೂ ತೋಚಲಿಲ್ಲ. ಕೆತ್ತುವವನು ಬಂದು ಸಿಮೆಂಟು ಬಿಡಿಸುವಾಗ ಒಂದು ಮೂಲೆ ಒಡೆದು ಚಂದ್ರ ಹೋದ. ಉಳಿದದ್ದನ್ನು ರಸ್ತೆಯ ಬದಿಗೆ ನಿಲ್ಲಿಸಿದೆವು. ನಿಲ್ಲಿಸಿ ಹಿಂದೆ ಸರಿದು ನೋಡಿದಾಗ ನನಗೆ ಹೊಳೆಯಿತು. ಇಡೀ ಊರಿಗೆ ಕೂರಲು ಜಾಗ ಮಾಡಿಕೊಟ್ಟು, ಅವಳನ್ನು ಮತ್ತೆ ರಸ್ತೆಯ ಅಂಚಿನಲ್ಲಿ ನಿಲ್ಲಿಸಿದ್ದೆ. ಮಗಳಿಗೆ ಅದನ್ನು ಹೇಳಲಿಲ್ಲ. ಅವಳಿಗೂ ಹೊಳೆದಿತ್ತೇನೋ, ಬಸ್ಸು ಹತ್ತುವ ಮೊದಲು ತಿರುಗಿ ಹೋಗಿ ಕಲ್ಲನ್ನು ಇನ್ನೊಮ್ಮೆ ಮುಟ್ಟಿ ಬಂದಳು.

ಕಾಯಿ ಒಡೆಯುವವರು ಕಲ್ಲಿನ ಜೊತೆಗೇ ಅತ್ತ ಹೋದರು. ಬೆಂಚಿನಲ್ಲಿ ಮಾತ್ರ ಯಾರೂ ಕೂರಲಿಲ್ಲ. ಸೀಟಿನ ಮೇಲೆ ಕುಂಕುಮದ ಕಲೆಯಿತ್ತು. ಸೋಪು ಹಾಕಿ ತಿಕ್ಕಿದೆ, ಗೆಳೆಯ ಡೀಸೆಲ್ ಕೊಟ್ಟ, ತಿಳಿಗೆಂಪು ಹೋಗಲಿಲ್ಲ. ಮೇಡಂ ಎಣಿಸಲು ಬರುವುದಕ್ಕೆ ನಾಲ್ಕು ದಿನ ಉಳಿದಿತ್ತು.

ಹಾಗಾಗಿ ನಾನೇ ಕೂತೆ. ಇದು ಮೊದಲೇ ಮಾಡಬೇಕಾಗಿದ್ದ ಕೆಲಸ. ಅವಳ ಜಾಗವೆಂದು ನಾನೂ ಎಲ್ಲರ ಹಾಗೆ ದೂರ ನಿಂತಿದ್ದೆ. ಅಲ್ಲಿಂದ ರಸ್ತೆ ಬೇರೆಯೇ ಥರ ಕಾಣುತ್ತದೆ. ಗಾಡಿಗಳು ಎಷ್ಟು ದೊಡ್ಡವು, ಎಷ್ಟು ಹತ್ತಿರ ಬರುತ್ತವೆ ಎಂಬುದು ಸ್ಟಿಯರಿಂಗ್ ಹಿಂದೆ ಕುಳಿತವನಿಗೆ ತಿಳಿಯುವುದಿಲ್ಲ. ನಮ್ಮ ಮುಖಂಡನ ಕ್ರೂಸರ್ ಬಂತು. ಕಲ್ಲಿನ ಹತ್ತಿರ ನಿಧಾನ ಮಾಡಿ, ನನ್ನನ್ನು ಕಂಡು ತಲೆ ಹೊರಗೆ ಹಾಕಿದ.

"ಏನೋ, ರಿಟೈರ್ ಆದಿ?"

"ಹುಮನಾಬಾದಿಗಿ ಹೋಗು ನೀ. ಮಂದಿ ಕಾಯಾಕತ್ತಾರ."

ಎರಡು ದಿನ ಒಬ್ಬನೇ ಕೂತೆ. ಹೋಗುವವರು ನನ್ನನ್ನು ನೋಡಿ, ಬೆಂಚನ್ನು ನೋಡಿ, ಮುಂದೆ ಹೋಗುತ್ತಿದ್ದರು. ಹೆಂಡತಿ ಸತ್ತ ದುಃಖಕ್ಕೆ ಹೀಗಾಗಿದ್ದಾನೆ ಎಂದುಕೊಂಡಿರಬೇಕು. ಪೂರ್ತಿ ಸುಳ್ಳೂ ಅಲ್ಲ.

ಮೂರನೆಯ ದಿನ ಹನ್ನೊಂದರ ಹೊತ್ತಿಗೆ ಆಸ್ಪತ್ರೆಯ ಕಡೆಯಿಂದ ಒಬ್ಬ ಹೆಂಗಸು ಬಂದಳು. ಕಂಕುಳಲ್ಲಿ ಎಕ್ಸ್‌ರೇಯ ದೊಡ್ಡ ಲಕೋಟೆ. ಬಿಸಿಲಿಗೆ ಸೆರಗು ಹೊದ್ದುಕೊಂಡಿದ್ದಳು. ನಾನು ಬೆಂಚಿನ ನಡುವೆ, ಕೈಗಳೆರಡನ್ನೂ ಅಗಲಿಸಿ, ಗಾಡಿಯಲ್ಲಿ ಕೂರುವ ಹಾಗೇ ಕೂತಿದ್ದೆ.

"ಅಣ್ಣಾ, ಜರಾ ಸರೀರಿ," ಎಂದಳು.

ಸರಿದೆ. ಅವಳು ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಇದು ಯಾರ ಬೆಂಚು ಎಂದು ಕೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಕಣ್ಣು ಮುಚ್ಚಿಕೊಂಡು ಉಸಿರು ಸರಿಮಾಡಿಕೊಳ್ಳುತ್ತಿದ್ದಳು. ಒಳಗೆ ಅಂಗಡಿಯವನು ಗಡಗಡ ಸದ್ದು ಮಾಡುತ್ತಿದ್ದ ಗಾಳಿ ತುಂಬುವ ಮಶೀನನ್ನು ಬಂದ್ ಮಾಡಿದ. ನಾನು ಇನ್ನೂ ಸ್ವಲ್ಪ ಸರಿದು, ತುದಿಯಲ್ಲಿ ಕೂತೆ.